ಫಕೀರಪ್ಪ ಸುರಿದ ಸ್ಟೌಟು, ನಾನು ಬರೆದ ವರದಿ

೨೦೧೮ರಲ್ಲಿ ನಾನು ಒಂದು ಬಿಯರ್ ಕಂಪನಿಯ ಹುಬ್ಬಳ್ಳಿ ಡಿಪೋದಲ್ಲಿ ಗುಣಮಟ್ಟ ಅಧಿಕಾರಿಯಾಗಿದ್ದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನನ್ನ ಸುತ್ತಾಟದ ಸೀಮೆ. ಬಾಟಲಿಯಲ್ಲಿ ಕಸ ಸಿಕ್ಕಿತು, ಹುಳಿ ಬಂತು, ಗ್ಯಾಸ್ ಹೋಯಿತು ಎಂದು ಯಾವ ಬಾರಿನವರು ದೂರು ಕೊಟ್ಟರೂ ಬ್ಯಾಗು ಹೆಗಲಿಗೇರಿಸಿ ಹೋಗಿ ನೋಡಬೇಕಾದವನು ನಾನು. ಹುಟ್ಟಿದ್ದು ಬೆಟಗೇರಿಯ ನೇಕಾರರ ಮನೆಯಲ್ಲಿ. ಮಗ ಸೋಡಾ ಕಂಪನಿಯಲ್ಲಿದ್ದಾನೆ ಎಂದೇ ನಮ್ಮವ್ವ ಕೊನೆಯವರೆಗೂ ನಂಬಿದ್ದಳು. ಅದೂ ಪೂರ್ತಿ ಸುಳ್ಳಲ್ಲ ಬಿಡಿ, ನಾನು ಕುಡಿಯುವವನಲ್ಲ. ಬಾಯಿಗೆ ಒಂದು ಗುಟುಕು ಹಾಕಿ, ನಾಲಿಗೆಯ ಮೇಲೆ ಹೊರಳಿಸಿ, ಕಾಗದದ ಮೇಲೆ ಬರೆಯುವುದು ನನ್ನ ಹೊಟ್ಟೆಪಾಡು.

ಆ ಬೇಸಿಗೆಯಲ್ಲಿ ಗದಗಿನ ಒಂದು ಬಾರಿನಿಂದ ವಿಚಿತ್ರವಾದ ಕರೆ ಬಂತು. ದೂರು ಬಿಯರಿನ ಮೇಲಲ್ಲ, ಬಿಯರ್ ಸುರಿಯುವ ಮನುಷ್ಯನ ಮೇಲೆ. ಬಾರಿನ ಮಾಲೀಕ ಬಸಲಿಂಗಪ್ಪ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದ.

"ಸಾಹೇಬ್ರ, ನಮ್ಮ ಫಕೀರಪ್ಪ ಒಂದ ಬಾಟ್ಲಿ ಸ್ಟೌಟ್ ಹಾಕಾಕ ಐದ ನಿಮಿಷ ತಗೋತಾನ್ರಿ. ಉಳದ ವೇಟರ್‌ಗಳು ಓಡ್ಯಾಡಿ ಸಾಯ್ತಾರ, ಇಂವ ಸ್ಟೂಲ್ ಮ್ಯಾಲ ಕುಂತ ಪೂಜಿ ಮಾಡ್ದಂಗ ಮಾಡ್ತಾನ. ಇದರಾಗ ಖರೇನ ಏನರ ಐತೋ, ಇಲ್ಲ ಬರೇ ಢೋಂಗೋ, ನೀವ ಹೇಳಿಬಿಡ್ರಿ. ಐತಿ ಅಂದ್ರ ಇರ್ಲಿ. ಇಲ್ಲಂದ್ರ ಕೌಂಟರ್ ಕಿತ್ತಸಿ, ಅವನ್ನ ಗೇಟಿನ್ಯಾಗ ಗಾಡಿ ಕಾಯಾಕ ಕುಂಡ್ರಸ್ತೀನಿ."

ಸ್ಟೌಟ್ ಎಂದರೆ ಹುರಿದು ಕಪ್ಪಾಗಿಸಿದ ಬಾರ್ಲಿಯಿಂದ ಮಾಡುವ ಕರಿಯ ಬಿಯರು. ಕಾಫಿಯಂಥ ಕಹಿ, ಮೇಲೆ ಕೆನೆಯಂಥ ನೊರೆ. ನಮ್ಮ ಕಡೆ ಅದನ್ನು ಕೇಳಿ ಕುಡಿಯುವವರು ಬೆರಳೆಣಿಕೆ, ಆ ಬೆರಳೆಣಿಕೆಯವರೆಲ್ಲ ಫಕೀರಪ್ಪನ ಕೌಂಟರಿಗೇ ಬರುತ್ತಿದ್ದರು. ಉಳಿದ ಕಡೆ ನೊರೆ ಎಂದರೆ ಗಿರಾಕಿಗೆ ಸಿಟ್ಟು. ಅಳತೆಯಲ್ಲಿ ಮೋಸ ಮಾಡಿದರೆಂದು ಕೂಗಾಡುತ್ತಾರೆ. ಹಾಗಾಗಿ ವೇಟರುಗಳು ಗ್ಲಾಸು ಓರೆ ಹಿಡಿದು ಅದರ ಒಳಮೈಗುಂಟ ಮೆಲ್ಲಗೆ ಇಳಿಸಿ, ನೊರೆ ಏಳದಂತೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಫಕೀರಪ್ಪನದು ತದ್ವಿರುದ್ಧ. ಮುಕ್ಕಾಲು ಗ್ಲಾಸನ್ನು ಒಂದೇ ಧಾರೆಯಲ್ಲಿ ಸುರಿದು, ಕೆಳಗಿಟ್ಟು, ಕೈ ಕಟ್ಟಿ ಕೂರುವುದು. ನೊರೆ ತಾನಾಗಿ ಇಳಿದು ಗಟ್ಟಿಯಾದ ಮೇಲೆ ಉಳಿದದ್ದನ್ನು ನಾಲ್ಕು ಬೆರಳು ಎತ್ತರದಿಂದ ನಟ್ಟನಡುವೆ ಬೀಳಿಸುವುದು. ಆಗ ನೊರೆ ಗ್ಲಾಸಿನ ಅಂಚು ದಾಟಿ ನಿಲ್ಲುತ್ತದೆ, ಚೆಲ್ಲುವುದಿಲ್ಲ.

ಆತ ಶಿರಹಟ್ಟಿಯವನು. ಆ ಬಾರಿನಲ್ಲಿ ಇಪ್ಪತ್ತೊಂಬತ್ತು ವರ್ಷದ ಚಾಕರಿ. ಎಡ ಮೊಣಕಾಲು ಸವೆದು ಟೇಬಲ್‌ಗಳ ನಡುವೆ ಓಡಾಡುವ ಮಾತೇ ಇರಲಿಲ್ಲ. ಕೌಂಟರು ಹೋದರೆ ಗೇಟು, ಗೇಟು ಬೇಡವಾದರೆ ಊರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಹುಟ್ಟಿದಾಗಿನಿಂದ ಒಂದು ಹನಿ ಬಾಯಿಗೆ ಹಾಕಿದವನಲ್ಲ. ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

"ಹಂಗಾರ ರುಚಿ ಹೆಂಗ್ ಗೊತ್ತಾಗ್ತತಿ ನಿನಗ?"

"ಮಾರಿ ನೋಡ್ತೀನ್ರಿ ಸಾಹೇಬ್ರ. ಮೊದಲನೇ ಗುಟುಕಿಗೆ ಮನಷ್ಯಾನ ಮಾರಿ ಸುಳ್ಳ ಹೇಳೂದಿಲ್ಲ. ಆಮ್ಯಾಲ ಬೇಕಾದ್ದ ಹೇಳ್ತತಿ."

ಹೀಗೆಂದು ಆತ ಕೌಂಟರಿನ ಕೆಳಗಿನಿಂದ ಒಂದು ಗ್ಲಾಸು ತೆಗೆದು ನನಗೂ ಒಂದು ಸ್ಟೌಟು ಸುರಿದ. ಅವಸರ ಮಾಡಲಿಲ್ಲ. ಕೊಟ್ಟ ಮೇಲೆ ಎರಡು ಕೈ ಕೌಂಟರಿನ ಮೇಲಿಟ್ಟು ನನ್ನ ಮುಖವನ್ನೇ ನೋಡಿದ. ನಾನು ಒಂದು ಗುಟುಕು ಹೀರಿದೆ. ಏನೂ ಮಾತಾಡದೆ ಗ್ಲಾಸು ಕೆಳಗಿಟ್ಟು, ಪರೀಕ್ಷೆ ಮುಂದಿನ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಎಂದು ಹೇಳಿ ಬಂದೆ.

ನಮ್ಮ ಕಸುಬಿನಲ್ಲಿ ತ್ರಿಕೋನ ಪರೀಕ್ಷೆ ಎಂಬುದೊಂದಿದೆ. ಒಬ್ಬನ ಮುಂದೆ ಮೂರು ಗ್ಲಾಸು ಇಡುತ್ತೇವೆ. ಎರಡರಲ್ಲಿ ಒಂದೇ ಬಗೆ, ಮೂರನೆಯದರಲ್ಲಿ ಬೇರೆ ಬಗೆ. ಬೇರೆಯದು ಯಾವುದೆಂದು ಕುಡಿದವನು ಹೇಳಬೇಕು. ಕಣ್ಣು ಮುಚ್ಚಿ ಬೆರಳು ತೋರಿಸಿದರೂ ಮೂರರಲ್ಲಿ ಒಂದು ಸರಿಯಾಗುತ್ತದೆ, ಅದಕ್ಕಿಂತ ಸಾಕಷ್ಟು ಹೆಚ್ಚು ಸರಿಯಾದರೆ ಮಾತ್ರ ವ್ಯತ್ಯಾಸ ನಿಜವಾಗಿ ಇದೆ ಎಂದು ಅರ್ಥ. ಫಕೀರಪ್ಪನ ಖಾಯಂ ಗಿರಾಕಿಗಳಲ್ಲಿ ಆರು ಮಂದಿಯನ್ನು ಕರೆಸಿದೆ. ಅವರಲ್ಲೊಬ್ಬರು ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು. ತಲೆಗೆ ಎರಡು ಸುತ್ತು, ಒಟ್ಟು ಹನ್ನೆರಡು ಉತ್ತರ. ನೊರೆ ಕಣ್ಣಿಗೆ ಕಾಣಬಾರದೆಂದು ಎಲ್ಲರಿಗೂ ಟವೆಲ್ ಕಟ್ಟಿಸಿದೆ. ಮಾಸ್ತರು ಟವೆಲ್ಲಿನೊಳಗಿಂದಲೇ, "ಇದೇನ್ರಿ ಸಾಹೇಬ್ರ, ಬಿಯರ್ ಕುಡಸ್ತೀರೋ, ಗಲ್ಲಿಗೆ ಹಾಕ್ತೀರೋ?" ಎಂದು ಎಲ್ಲರನ್ನೂ ನಗಿಸಿದರು.

ಸುತ್ತಿಗೆ ಹದಿನೆಂಟು ಗ್ಲಾಸು ಬೇಕಿತ್ತು. ಅಡುಗೆಮನೆಯಿಂದ ತರಿಸಿ, ಸೋಪಿನ ಪುಡಿ ಹಾಕಿ ತೊಳೆಸಿ, ಥಳಥಳ ಅನ್ನುವಂತೆ ಬಟ್ಟೆಯಲ್ಲಿ ಒರೆಸಿಡಿ ಎಂದು ಅಪ್ಪಣೆ ಮಾಡಿದೆ. ಆಗ ಫಕೀರಪ್ಪ ಕುಂಟುತ್ತ ಹತ್ತಿರ ಬಂದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೋರಲು ಹಾಕಿದ ಆರು ಗ್ಲಾಸು.

"ಸಾಹೇಬ್ರ, ನಾ ನನ್ನ ಗ್ಲಾಸಿನ್ಯಾಗ ಹಾಕ್ತೀನ್ರಿ. ಆ ಗ್ಲಾಸಿನ್ಯಾಗ ಅದು ನಿಂದ್ರೂದಿಲ್ಲ."

ನನಗೆ ರೇಗಿತು. ಪರೀಕ್ಷೆಯಲ್ಲಿ ಬದಲಾಗಬೇಕಾದದ್ದು ಒಂದೇ ಸಂಗತಿ, ಸುರಿಯುವ ರೀತಿ. ಗ್ಲಾಸೂ ಬದಲಾದರೆ ಅದು ಪರೀಕ್ಷೆಯೇ ಅಲ್ಲ. ಹದಿನೈದು ವರ್ಷ ಇದನ್ನೇ ಊರೂರಿಗೆ ಪಾಠ ಮಾಡಿದವನು ನಾನು.

"ನಿನ್ನ ಗ್ಲಾಸ್ ನಿನ್ನ ಹತ್ರ ಇರ್ಲಿ. ಎಲ್ಲಾರಿಗೂ ಒಂದ ನಮೂನಿ ಗ್ಲಾಸ್. ಪದ್ಧತಿ ಅಂದ್ರ ಪದ್ಧತಿ," ಎಂದೆ.

ಯಾಕೆ ನಿಲ್ಲುವುದಿಲ್ಲ ಎಂದು ನಾನು ಕೇಳಲಿಲ್ಲ. ಆತ ಇನ್ನೊಮ್ಮೆ ಹೇಳಲಿಲ್ಲ. ಸಾಹೇಬರ ಮಾತಿಗೆ ಎದುರಾಡುವ ಜಾಯಮಾನ ಆತನದಲ್ಲ.

ಒಂದು ಬಗೆ ಫಕೀರಪ್ಪ ಸುರಿದ, ಇನ್ನೊಂದು ಬಗೆ ಬೇರೆ ವೇಟರ್ ಸುರಿದ. ಬಸಲಿಂಗಪ್ಪ ಬಂದವರಿಗೆ ಬರೀ ಬಿಯರು ಕೊಟ್ಟು ಕಳಿಸುವ ಪೈಕಿಯಲ್ಲ, ಬಿಸಿ ಮಿರ್ಚಿ ಭಜಿ ತಂದು ಮುಂದಿಟ್ಟ. ರುಚಿ ಪರೀಕ್ಷೆಯ ನಡುವೆ ಎಣ್ಣೆ ತಿಂಡಿ ಕೂಡದು ಎಂದು ನನಗೆ ಗೊತ್ತಿತ್ತು. ಆದರೆ ಗದಗಿನಲ್ಲಿ ಆರು ಜನರನ್ನು ಕೂರಿಸಿ, ಮುಂದಿಟ್ಟ ಮಿರ್ಚಿಯನ್ನು ಎತ್ತಿಕೊಂಡು ಹೋಗುವ ಎದೆಗಾರಿಕೆ ನನಗಿರಲಿಲ್ಲ. ತಿನ್ನಲಿ, ಎರಡೂ ಬಗೆಗೆ ಒಂದೇ ಅಲ್ಲವೇ ಎಂದುಕೊಂಡೆ.

ಹನ್ನೆರಡು ಉತ್ತರಗಳಲ್ಲಿ ಸರಿಯಾದವು ನಾಲ್ಕು. ಬೆರಳು ತೋರಿಸಿ ಊಹಿಸಿದರೆ ಬರುವಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಾಸ್ತರು ಎರಡು ಸುತ್ತಿನಲ್ಲೂ ತಪ್ಪು ಹೇಳಿ, ಟವೆಲ್ ಬಿಚ್ಚಿ, ಫಕೀರಪ್ಪನ ಕಡೆ ನೋಡಲಾರದೆ ಚಪ್ಪಲಿ ಹುಡುಕತೊಡಗಿದರು.

ಫಕೀರಪ್ಪ ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದ. "ಅಂದ್ರ ಸಾಹೇಬ್ರ, ಇಷ್ಟ ವರ್ಷ ಇವ್ರೆಲ್ಲಾ ಚಲೋ ಐತಿ ಅಂತ ಅಂದಿದ್ದು, ನನ್ನ ಮನಸ್ಸ ಉಳಸಾಕೇನ್ರಿ?"

"ಹಂಗಂತ ಅಲ್ಲ, ಅವರೂ ಹಂಗ ನಂಬಿರ್ತಾರ," ಎಂದೆ. ಎಂಥ ಸಮಾಧಾನ! ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. ಅಲ್ಲೇ ಕೂತು ವರದಿ ಬರೆದೆ: ಸುರಿಯುವ ರೀತಿಯಿಂದ ಸ್ಟೌಟಿನ ರುಚಿಯಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಸಹಿ ಹಾಕಿ ಒಂದು ಪ್ರತಿ ಬಸಲಿಂಗಪ್ಪನ ಕೈಗೆ ಕೊಟ್ಟೆ.

ಎರಡು ತಿಂಗಳು ಕಳೆದ ಮೇಲೆ ಮುಂಡರಗಿಯಿಂದ ದೂರು ಬಂತು. ಬಿಯರಿಗೆ ನೊರೆಯೇ ಬರುತ್ತಿಲ್ಲ, ಸತ್ತ ಮಾಲು ಕಳಿಸಿದ್ದೀರಿ ಎಂದು. ಹೋಗಿ ಒಂದು ಬಾಟಲಿ ತೆರೆದೆ. ಅಲ್ಲಿನ ಗ್ಲಾಸಿಗೆ ಸುರಿದರೆ ನೊರೆ ಎದ್ದು, ನೋಡನೋಡುತ್ತ ಕರಗಿಹೋಯಿತು. ತೊಳೆದ ಗ್ಲಾಸು ಸಾಲದೆ ಮಾಲೀಕ ತನ್ನ ಮನೆಯಿಂದ ಒಂದು ತರಿಸಿದ. ಅದೇ ಬಾಟಲಿಯಿಂದ ಅದಕ್ಕೆ ಸುರಿದೆ. ನೊರೆ ಗಟ್ಟಿಯಾಗಿ ನಿಂತಿತು. ಬಾರಿನ ಗ್ಲಾಸು ಬೋರ್‌ವೆಲ್ ನೀರು, ಸೋಪಿನ ಪುಡಿ, ಭಜಿ ತಟ್ಟೆ ಒರೆಸಿದ ಅರಿವೆ ಇಷ್ಟರಲ್ಲಿ ಥಳಥಳ ಆಗಿತ್ತು. ಮನೆಯ ಗ್ಲಾಸು ಬರೀ ನದಿ ನೀರಿನಲ್ಲಿ ತೊಳೆದು ಬೋರಲು ಹಾಕಿದ್ದು. ಗಡಸು ನೀರಿನಲ್ಲಿ ಸೋಪು ಪೂರ್ತಿ ಹೋಗುವುದಿಲ್ಲ. ಅದರ ಮೇಲೆ ಅರಿವೆಯ ಜಿಡ್ಡೂ ಸೇರಿ ಕಣ್ಣಿಗೆ ಕಾಣದ ಪದರವಾಗಿ ಗಾಜಿಗೆ ಅಂಟುತ್ತದೆ. ಆ ಪದರ ನೊರೆಯನ್ನು ಕೊಲ್ಲುತ್ತದೆ. ಇದು ನನ್ನ ಓದಿನ ಮೊದಲ ವರ್ಷದ ಪಾಠ. ಮುಂಡರಗಿಯ ಆ ಬಾರಿನಲ್ಲಿ ಗ್ಲಾಸು ಹಿಡಿದು ನಿಂತಾಗ ಫಕೀರಪ್ಪನ ತಟ್ಟೆಯಲ್ಲಿ ಬೋರಲು ಹಾಕಿದ್ದ ಆರು ಗ್ಲಾಸು ನೆನಪಾದವು.

ನೇರ ಗದಗಿಗೆ ಹೋಗಿ ಅಡುಗೆಯವನನ್ನು ವಿಚಾರಿಸಿದೆ. ಆತ ಸಹಜವಾಗಿ ಹೇಳಿದ, "ಫಕೀರಪ್ಪನ ಗ್ಲಾಸಿಗೆ ನಾವು ಯಾರೂ ಕೈ ಹಚ್ಚತಿದ್ದಿಲ್ರಿ. ಅಂವ ನಳದ ನೀರು ಹಿಡಿದು ಕೊಡದಾಗ ಇಡತಿದ್ದ. ಅದರಾಗ ತೊಳಿತಿದ್ದ, ಸೋಪಿಲ್ಲ, ಅರಬಿ ಇಲ್ಲ. ನಮ್ಮವೆಲ್ಲಾ ಬೋರಿನ ನೀರಾಗ್ರಿ." ದೂರದ ಹೊಳೆದಂಡೆಯ ಹಮ್ಮಿಗಿಯಿಂದ ಬರುವ ನೀರು ಗದಗಿನ ನಳಕ್ಕೆ ದಿನ ಬಿಟ್ಟು ದಿನ ಬರುವಂಥದ್ದಲ್ಲ, ಎಂಟು ಹತ್ತು ದಿನಕ್ಕೊಮ್ಮೆ. ಜನ ಕುಡಿಯಲು ಕಾದಿಡುವ ಆ ನೀರನ್ನು ಈ ಮನುಷ್ಯ ಇಪ್ಪತ್ತೊಂಬತ್ತು ವರ್ಷ ಆರು ಗ್ಲಾಸಿಗಾಗಿ ಕಾದಿಟ್ಟಿದ್ದ. ಆತನ ಸುರಿಯುವ ರೀತಿ ಬಾಟಲಿ ತೆರೆದಾಗ ಅಲ್ಲ, ಕೊಡ ತುಂಬುವಾಗಲೇ ಶುರುವಾಗುತ್ತಿತ್ತು. ಅದನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಅರ್ಧವನ್ನು ನಾನು ಪರೀಕ್ಷೆ ಮಾಡಿದ್ದೆ.

ಹುಬ್ಬಳ್ಳಿಗೆ ಮರಳಿ ಡಿಪೋದಲ್ಲೇ ಬೇರೆ ಆರು ಜನರನ್ನು ಕೂರಿಸಿದೆ. ಈ ಸಲ ಶುದ್ಧ ನೀರಿನ ಗ್ಲಾಸು, ಮಿರ್ಚಿ ಇಲ್ಲ. ಎರಡೂ ಬಗೆ ಸುರಿದವನು ನಾನೇ, ಫಕೀರಪ್ಪನ ಬಗೆಯನ್ನು ನನಗೆ ತಿಳಿದ ಮಟ್ಟಿಗೆ. ಹನ್ನೆರಡರಲ್ಲಿ ಒಂಬತ್ತು ಸರಿ. ಜೋರಾಗಿ ಸುರಿದಾಗ ಗ್ಯಾಸು ಒಂದಿಷ್ಟು ಹೊರಹೋಗಿ ನಾಲಿಗೆಗೆ ಚುಚ್ಚುವುದು ಕಡಿಮೆಯಾಗುತ್ತದೆ, ನಿಂತ ನೊರೆಯ ಮೂಲಕ ಹುರಿದ ಬಾರ್ಲಿಯ ಘಮ ಮೂಗಿಗೆ ಸಿಗುತ್ತದೆ. ಆಕಾಶ ಪಾತಾಳದ ವ್ಯತ್ಯಾಸವೇನಲ್ಲ. ಆದರೆ ಇದೆ.

ತಿದ್ದುಪಡಿ ಬರೆದುಕೊಂಡು ಬಸಲಿಂಗಪ್ಪನ ಬಳಿ ಓಡಿದೆ. ಕೌಂಟರು ಇದ್ದ ಜಾಗದಲ್ಲಿ ಐಸ್‌ಕ್ರೀಮಿನ ಫ್ರಿಜ್ಜು ನಿಂತಿತ್ತು. ಆತ ಕಾಗದ ಓದಿ ಮಡಚಿದ. "ಆತು ಬಿಡ್ರಿ ಸಾಹೇಬ್ರ, ಆಗಿದ್ದ ಆತು. ನಾಲ್ಕ ದಿನ ಗೇಟಿನ್ಯಾಗ ಕುಂತ, ಆಮ್ಯಾಲ ಬರೋದ ಬಿಟ್ಟ." ಕಂಪನಿಗೂ ಒಂದು ಪ್ರತಿ ಕಳಿಸಿದೆ. ಅಲ್ಲಿಂದ ಉತ್ತರ ಬರಲಿಲ್ಲ.

ಫಕೀರಪ್ಪ ಸಿಕ್ಕಿದ್ದು ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ, ಬೈಕುಗಳಿಗೆ ಚೀಟಿ ಹರಿದು ಕೊಡುತ್ತ. ನನ್ನನ್ನು ಕಂಡು ಎದ್ದು ನಿಲ್ಲಲು ಹೋದ, ಮೊಣಕಾಲು ಬಿಡಲಿಲ್ಲ. ನಾನು ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ನೀರು, ಜಿಡ್ಡು, ಭಜಿ, ಒಂಬತ್ತು ಉತ್ತರ. ತಪ್ಪು ನನ್ನದು ಎಂದೂ ಹೇಳಿದೆ. ನನ್ನ ನೌಕರಿಯಲ್ಲಿ ಆ ಮಾತನ್ನು ನಾನು ಹೆಚ್ಚು ಸಲ ಆಡಿದವನಲ್ಲ.

ಆತ ಕೊನೆಯವರೆಗೂ ಕೇಳಿದ. "ಆಗ ನಾಕ ಅಂದ್ರಿ, ಈಗ ಒಂಬತ್ತ ಅಂತೀರಿ. ನಾಳೆ ಇನ್ನೊಬ್ರು ಸಾಹೇಬ್ರು ಬಂದ ಐದ ಅಂದಾರು. ನಂಗ ಎಣಿಕಿ ತಿಳಿಯೂದಿಲ್ರಿ. ನಾ ಮಾರಿ ನೋಡಾಂವ."

"ಅದನ್ನೇ ಹೇಳಾಕ ಬಂದೇನಿ ಫಕೀರಪ್ಪಾ. ನೀ ನೋಡಿದ್ದ ಖರೆ ಇತ್ತು."

"ಈಗ ನೋಡಿದ್ರ ಏನೂ ಗೊತ್ತಾಗವಲ್ದು ಸಾಹೇಬ್ರ." ಒಬ್ಬ ಬೈಕಿನವನಿಗೆ ಚೀಟಿ ಕೊಟ್ಟು ಮತ್ತೆ ನನ್ನ ಕಡೆ ತಿರುಗಿದ. "ಟೆಸ್ಟಿಗಿಂತ ಮೊದಲ ನಿಮಗ ಒಂದ ಗ್ಲಾಸ್ ಹಾಕಿ ಕೊಟ್ಟಿದ್ನಲ್ರಿ, ನನ್ನ ಗ್ಲಾಸಿನ್ಯಾಗ? ನೀವು ಮೊದಲನೇ ಗುಟುಕು ತಗೊಂಡ್ರಿ. ನಿಮ್ಮ ಮಾರಿ ನೋಡಿ ನಂಗ ಖಾತ್ರಿ ಆಗಿತ್ತು, ಇನ್ನ ನನಗ ಚಿಂತಿಲ್ಲ ಅಂತ. ಮನಿಗೆ ಹೋಗಿ ಹೇಂತಿಗೂ ಹೇಳಿದ್ನಿ. ಆಮ್ಯಾಲ ನೀವ ಫರಕಿಲ್ಲ ಅಂತ ಬರದ ಕೊಟ್ರಿ. ಅವತ್ತಿಂದ ಯಾರ ಮಾರಿನೂ ನಂಬಾಕ ಆಗವಲ್ದು. ಹೇಂತಿ ಮಾಡಿದ ಪಲ್ಯ ತಿಂದ ಚಲೋ ಆಗೇತಿ ಅಂತ ನಾನ ಅಂತೀನಿ, ಅಂದ ಮ್ಯಾಲ ಖರೇನ ಅಂದ್ನೋ ಸುಳ್ಳ ಅಂದ್ನೋ ನನಗ ತಿಳಿಯೂದಿಲ್ಲ."

ಆ ಗುಟುಕು ನನಗೆ ಚೆನ್ನಾಗಿ ನೆನಪಿತ್ತು. ನನ್ನ ನೌಕರಿಯ ಅಷ್ಟೂ ವರ್ಷದಲ್ಲಿ ನಾನು ಕುಡಿದ ಅತ್ಯುತ್ತಮ ಸ್ಟೌಟು ಅದು. ಪರೀಕ್ಷೆಗೆ ಮುಂಚೆ ಪರೀಕ್ಷಕನಿಗೆ ಅಭಿಪ್ರಾಯ ಇರಬಾರದು ಎಂಬ ನಿಯಮ ಹಿಡಿದು, ನನ್ನ ನಾಲಿಗೆ ಹೇಳಿದ್ದನ್ನು ನಾನೇ ಅಳಿಸಿ ಹಾಕಿದ್ದೆ. ಲಕ್ಷ್ಮೇಶ್ವರದ ಕಡೆ ಹೋಗುವ ಬಸ್ಸು ಬಂತು. ಫಕೀರಪ್ಪ, "ಹೊಂಡ್ರಿ ಸಾಹೇಬ್ರ, ಇದ ತಪ್ಪಿದ್ರ ತಡಾ ಆಗ್ತತಿ," ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗದೆ ಹೋಯಿತು.

ಆಮೇಲೆ ನಿವೃತ್ತನಾಗುವವರೆಗೂ ಯಾವ ಊರಿಗೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ ಆಗಿತ್ತು: ಗ್ಲಾಸು ತೊಳೆಯುವವರು ಯಾರು, ಯಾವ ನೀರಿನಲ್ಲಿ? ಒಂದು ಕೆಲಸದಲ್ಲಿ ತಲೆ ಹಣ್ಣಾದವನು "ನನ್ನ ಗ್ಲಾಸಿನಲ್ಲಿ" ಎಂದರೆ ನಿಯಮ ಹೇಳುವ ಮೊದಲು ಯಾಕಪ್ಪಾ ಎಂದು ಕೇಳಬೇಕು. ಇಷ್ಟು ಸಣ್ಣ ಪಾಠವನ್ನು ನಾನು ಫಕೀರಪ್ಪನ ಕೌಂಟರು ಕಳೆದು ಕಲಿತೆ, ಆತನಿಗೆ ಅದರಿಂದ ಏನೂ ಮರಳಿ ಬರಲಿಲ್ಲ. ನನ್ನ ಮೊದಲ ವರದಿಯ ಪ್ರತಿ ಈಗಲೂ ನನ್ನ ಬಳಿ ಇದೆ. ತಾರೀಖು, ಹದಿನೆಂಟು ಗ್ಲಾಸು, ಹನ್ನೆರಡು ಉತ್ತರ, ಸಹಿ, ಎಲ್ಲ ಸರಿಯಾಗಿದೆ. ಪರೀಕ್ಷೆಗೆ ಮುಂಚೆ ಆ ಕೌಂಟರಿನಲ್ಲಿ ನಾನು ಕುಡಿದ ಒಂದು ಗುಟುಕಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.