ಮೀಟರಿನ ಟಿಕ್ಕು

ನೆಲ್ಯಹುದಿಕೇರಿಯಲ್ಲಿ ಕಾವೇರಿಯ ಹರಿವು ಅಳೆಯುವುದು ನನ್ನ ಕೆಲಸವಾಗಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು; ನಮ್ಮ ಹೊಳೆಯಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು ಸರ್ಕಾರಕ್ಕೆ ಎಲ್ಲಿಲ್ಲದ ಆತುರ. ದೋಣಿಯಿಂದ ಒಂದು ಮೀಟರನ್ನು ನೀರಿಗೆ ಇಳಿಬಿಡಬೇಕು. ಸೆಳೆತಕ್ಕೆ ಅದರ ಬಟ್ಟಲುಗಳು ತಿರುಗುತ್ತವೆ. ಸುತ್ತಿಗೊಮ್ಮೆ, ಕಿವಿಗೆ ಕಟ್ಟಿಕೊಂಡ ಫೋನಿನಲ್ಲಿ ಟಿಕ್ ಎನ್ನುತ್ತದೆ. ಒಂದು ಟಿಕ್ಕಿಗೆ ಗಡಿಯಾರ ಒತ್ತಿ, ಅದರ ನಂತರದ್ದನ್ನು ಒಂದು ಎಂದು ಹಿಡಿದು, ನಿಮಿಷ ಮುಗಿಯುವವರೆಗೆ ಎಣಿಸಬೇಕು. ಅಷ್ಟೇ ವಿದ್ಯೆ. ಅದೂ ನನ್ನ ಕೈಬಿಟ್ಟಿತು.

ಮೊದಲು ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಮಲೇರಿಯಾ ಬಿಡದೆ ಕಾಡಿತ್ತು. ಕ್ವಿನೈನ್ ನುಂಗಿ ನುಂಗಿ ಜೀವ ಉಳಿಯಿತು, ಕಿವಿಯೊಳಗೆ ಜೀರುಂಡೆ ಸೇರಿಕೊಂಡಿತು. ಎದುರು ಕೂತವರ ಮಾತು ಹೇಗೋ ತಿಳಿಯುತ್ತಿತ್ತು. ಟಿಕ್ ಮಾತ್ರ ಆ ಜಿರ್ರೆನ್ನುವುದರಲ್ಲಿ ಮುಳುಗಿಹೋಗುತ್ತಿತ್ತು. ಹೆಂಡತಿಗೂ ಹೇಳಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಕಿವುಡನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕಂಡುಹಿಡಿದವನು ದೋಣಿಯವನು. ಕುಶಾಲನಗರದ ಕಡೆಯ ಒಕ್ಕಲು ಮನೆಯವನು, ನನಗಿಂತ ಹಿರಿಯ.

"ಕೊಡಿ ಇತ್ಲಾಗೆ ರೈಟ್ರೇ. ನೀವು ಗಡಿಯಾರ ನೋಡ್ಕಳಿ, ನಾನು ಎಣುಸ್ತೀನಿ" ಎಂದ.

ಆ ಮಳೆಗಾಲವೆಲ್ಲ ಹಾಗೇ ನಡೆಯಿತು. ಅವನು ತಲೆಯಾಡಿಸಿದರೆ ಗಡಿಯಾರ ಒತ್ತುವುದು, ನಿಮಿಷವಾದೊಡನೆ ನಾನು ಕೈ ಎತ್ತುವುದು, ಅವನು ಲೆಕ್ಕ ಹೇಳುವುದು.

ಒಂದು ದಿನ ಇಂಜಿನಿಯರು ಹೇಳದೆ ಕೇಳದೆ ಬಂದು ದೋಣಿ ಹತ್ತಿದರು. ದಡದ ಪಕ್ಕದ ನಿಧಾನದ ನೀರಿನಲ್ಲಿ ನಮ್ಮ ಲೆಕ್ಕ ಜಾಸ್ತಿ ಬರುತ್ತಿದೆಯಂತೆ. ದೋಣಿಯವನು ಎಂದಿನಂತೆ ಫೋನು ಕಟ್ಟಿಕೊಂಡು, ಅವರಿಗೆ ಕೇಳಲೆಂದೋ ಏನೋ, ಗಟ್ಟಿಯಾಗಿ ಶುರು ಮಾಡಿದ: "ಲಾಭ, ಎರಡು, ಮೂರು..."

ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಗಡಿಯಾರ ಒತ್ತುವ ಟಿಕ್ಕನ್ನೇ ಅವನು ಲಾಭಕ್ಕೆ ಹಾಕಿಕೊಂಡು ಬಂದಿದ್ದ. ಪ್ರತಿ ಸಲವೂ ಒಂದು ಟಿಕ್ ಹೆಚ್ಚು; ಟಿಕ್ಕುಗಳೇ ಕಡಿಮೆಯಿರುವ ನಿಧಾನದ ನೀರಿನಲ್ಲಿ ಅದು ಎದ್ದು ಕಾಣುತ್ತಿತ್ತು.

"ಏನಯ್ಯಾ, ಕಾವೇರೀನ ಸೇರಲ್ಲಿ ಅಳೀತಿದೀಯಾ?" ಎಂದು ಇಂಜಿನಿಯರು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನನ್ನ ಕಡೆ ತಿರುಗಿದರು. "ಅಲ್ರೀ, ಇವನ್ಯಾಕೆ ಎಣಿಸ್ತಾನೆ? ಕಟ್ಕೊಳ್ಳಿ, ನೀವು ಎಣಿಸಿ."

ಕಟ್ಟಿಕೊಂಡೆ. ಗಡಿಯಾರದ ಮುಳ್ಳಿನಲ್ಲಿ ಕಣ್ಣು ನೆಟ್ಟು ಕಾದೆ. ಜಿರ್ರೆನ್ನುವುದರ ನಡುವೆ ಸಣ್ಣದೊಂದು ಟಿಕ್. ಮತ್ತೊಂದು. ದೇವರು ಕಣ್ಣು ಬಿಟ್ಟನಲ್ಲ ಎಂದುಕೊಂಡೆ. ಬಾಯಿಬಿಟ್ಟು, ದನಿ ಏರಿಸಿ ಎಣಿಸಿದೆ.

ದೋಣಿಯವನ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು. ತಲೆ ಎತ್ತಿದೆ. ಇಂಜಿನಿಯರು ಮೀಟರನ್ನು ಆಗಲೇ ನೀರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಬಟ್ಟಲುಗಳು ಅಲುಗಾಡುತ್ತಿರಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ದೋಣಿ ದಡ ಮುಟ್ಟುವವರೆಗೂ ಅವರಿಬ್ಬರ ತುಟಿಗಳು ಆಡುತ್ತಿದ್ದವು. ಫೋನು ಬಿಚ್ಚಿದ ಮೇಲೂ ಅವರ ಮಾತು ಕೇಳಿಸದೆ ಹೋದರೆ ಎಂಬ ಭಯಕ್ಕೆ ನಾನು ಅದನ್ನು ಬಿಚ್ಚಲೇ ಇಲ್ಲ.