ಒಂದು ‘ಜಿ’, ಅರ್ಧ ಕಪ್ಪು ದೀಪ

ಬೀಡಿ ಕಟ್ಟುವ ಆ ಹೆಂಗಸನ್ನು ನಾನು ಕಂಡದ್ದು ಆರು ಹೆಜ್ಜೆ ದೂರದಲ್ಲಿ. ಇದು ಅಂದಾಜಿನ ಮಾತಲ್ಲ. ಮರುದಿನ ಬೆಳಿಗ್ಗೆ ಅತ್ತಾವರದ ಇಳಿಜಾರಿಗೆ ಹೋಗಿ, ಬ್ರೇಕಿನ ಗೆರೆ ಕೆಸರಿನಲ್ಲಿ ಶುರುವಾದಲ್ಲಿಂದ ಬೀಡಿಗಳು ಚೆಲ್ಲಿದ್ದ ಜಾಗದವರೆಗೆ ನಡೆದು ಎಣಿಸಿದ್ದೆ. ಎರಡು ಸಲ ಎಣಿಸಿದರೂ ಆರೇ. ಕಂಡದ್ದಕ್ಕೂ ಬ್ರೇಕ್ ಒತ್ತಿದ್ದಕ್ಕೂ ನಡುವೆ ಒಂದು ಹೆಜ್ಜೆ ಕಳೆದಿರಬಹುದು. ಅದನ್ನು ಸೇರಿಸಿದರೆ ಏಳು.

ಆಗ ನಾನು ಬಲ್ಮಠದ ಒಬ್ಬ ಡಾಕ್ಟರರ ಬಳಿ ಕಂಪೌಂಡರ್ ಆಗಿದ್ದೆ. ಹಗಲೆಲ್ಲ ಔಷಧ ಕಲಸಿ ಕೊಡುವುದು, ಸಂಜೆ ಕ್ಷಯದ ರೋಗಿಗಳ ಮನೆಗೆ ಹೋಗಿ ಇಂಜೆಕ್ಷನ್ ಚುಚ್ಚುವುದು ನನ್ನ ಕೆಲಸ. ಸಂಜೆಯ ತಿರುಗಾಟಕ್ಕೆಂದು ಡಾಕ್ಟರರು ತಮ್ಮ ಹಳೆಯ ಮೋಟಾರ್ ಬೈಕನ್ನು ನನಗೆ ಬಿಟ್ಟಿದ್ದರು. ಎರಡನೇ ಮಹಾಯುದ್ಧಕ್ಕೆ ಮೊದಲೇ ವಿಲಾಯಿತಿಯಿಂದ ಹಡಗಿನಲ್ಲಿ ಬಂದ ಗಾಡಿ ಅದು. ಅದರ ಮುಂದಿನ ದೀಪದ ಗಾಜಿಗೆ ಮೇಲಿನ ಅರ್ಧ ಕಪ್ಪು ಬಣ್ಣ ಬಳಿದಿತ್ತು. ನಾನು ಮೊದಲು ನೋಡಿದಾಗಲೂ ಹಾಗೇ ಇತ್ತು. ದೀಪ ಎಂದರೆ ಹಾಗೇ ಇರಬೇಕು ಎಂದುಕೊಂಡಿದ್ದೆ.

ಅಂದು ಆಟಿ, ಎಂದರೆ ಆಷಾಢ ತಿಂಗಳ ಸಂಜೆ. ಆರೂವರೆಗೇ ಕತ್ತಲಾಗುವಂಥ ಮಳೆ. ಅವಳು ದಿನವಿಡೀ ಕಟ್ಟಿದ ಬೀಡಿಗಳನ್ನು ತಡ್ಪೆ ಎಂಬ ಬೆತ್ತದ ಮೊರದಲ್ಲಿಟ್ಟು, ಮೇಲೆ ಮೇಣದ ಬಟ್ಟೆ ಮುಚ್ಚಿ, ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸಲು ರಸ್ತೆಯ ಎಡ ಅಂಚಿನಲ್ಲಿ ನಡೆಯುತ್ತಿದ್ದಳು. ಎಡ ಅಂಚು. ಇದನ್ನು ಒತ್ತಿ ಬರೆಯುತ್ತಿದ್ದೇನೆ. ನನ್ನ ಹ್ಯಾಂಡಲ್ ಅವಳ ಬಲಗೈಗೆ ಬಡಿಯಿತು. ಬೈಕು ಒಂದು ಕಡೆ ಬಿತ್ತು, ಅವಳು ಇನ್ನೊಂದು ಕಡೆ. ಹೆಚ್ಚಿನ ಬೀಡಿಗಳು ನೀರಿನಲ್ಲಿ ತೇಲಿ ಚರಂಡಿಗೆ ಹೋದವು.

ಅವಳ ಮಣಿಕಟ್ಟು ಮುರಿದಿತ್ತು. ಮುರಿದ ತಡ್ಪೆಯ ಬೆತ್ತದ ಅಂಚನ್ನೇ ಆಧಾರಕ್ಕಿಟ್ಟು ನಾನು ಬ್ಯಾಂಡೇಜು ಸುತ್ತಿದೆ.

ಅಷ್ಟರಲ್ಲಿ ಪೊಲೀಸನೊಬ್ಬ ಬಂದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಅವನಿಗೆ ತುಳು ಬಾರದು. ಅವಳಿಗೆ ತುಳು ಬಿಟ್ಟು ಬೇರೆ ಬಾರದು. ಅವನು ಮೊದಲು ನನ್ನನ್ನು ಕೇಳಿದ.

“ಲೈಟ್ ಇತ್ತೇನ್ರೀ?”

“ಉಂಟು” ಎಂದೆ.

“ಉಂಟು ಅಂತೆ! ಈ ಊರೋರ ಕನ್ನಡ!” ಎಂದು ನಕ್ಕು, ಬಿದ್ದ ಬೈಕಿನ ದೀಪ ಮಿಣುಕುತ್ತಿದ್ದುದನ್ನು ನೋಡಿ, ‘ದೀಪ ಇತ್ತು’ ಎಂದು ಬರೆದುಕೊಂಡ. ಆಮೇಲೆ ಅವಳ ಕಡೆ ತಿರುಗಿದ. “ನೀನೇನಮ್ಮಾ, ಅಡ್ಡ ಬಂದ್ಯಾ?”

‘ಅಡ್ಡ’ ಎಂಬ ಮಾತು ಅವಳಿಗೆ ತಿಳಿಯಿತು. ನೋವಿನಲ್ಲೂ ತಲೆಯೆತ್ತಿ ಹೇಳಿದಳು: “ಯಾನ್ ಅಡ್ಡ ಬತ್ತಿಜಿ.”

ತುಳುವಿನಲ್ಲಿ ಅದಕ್ಕೆ ‘ನಾನು ಅಡ್ಡ ಬರಲಿಲ್ಲ’ ಎಂದು ಅರ್ಥ. ಕೊನೆಯ ‘ಜಿ’ಯಲ್ಲೇ ಆ ‘ಇಲ್ಲ’ ಇರುವುದು. ಮಳೆಯ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ‘ಅಡ್ಡ ಬತ್ತಿ’ ಮಾತ್ರ. ಅವನ ಸೀಮೆಯಲ್ಲಿ ‘ಬತ್ತಿದ್ದೆ’ ಎಂದರೆ ‘ಬರುತ್ತಿದ್ದೆ’.

“ಅಡ್ಡ ಬತ್ತಿದ್ದೆ ಅಂತ ಅವ್ಳೇ ಒಪ್ಕೊಂಡ್ಳಲ್ರೀ. ಮುಗೀತು ಬಿಡಿ.”

ನನಗೆ ಎರಡೂ ಭಾಷೆ ಗೊತ್ತಿತ್ತು. ಅಲ್ಲಿದ್ದವರಲ್ಲಿ ಎರಡೂ ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಅವಳು ಎಡಗೈಯ ಹೆಬ್ಬೆಟ್ಟು ಒತ್ತಿದಳು. ನಾನು ಸಹಿ ಹಾಕಿದೆ.

ಒಂಬತ್ತನೇ ದಿನ ಅವಳು ಕೈಯನ್ನು ಕೊರಳಿಗೆ ಕಟ್ಟಿಕೊಂಡು ದವಾಖಾನೆಗೆ ಬಂದಳು. ಔಷಧದ ಕಿಟಕಿಯ ಹೊರಗೆ ನಿಂತು ಕೇಳಿದಳು. ಅವಳ ತುಳುವನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

“ಅಣ್ಣೆರೆ, ನಾನು ಅಡ್ಡ ಬಂದೆ ಅಂತ ಬರೆದಿದ್ದಾರಂತೆ, ಹೌದಾ?”

“ಹೌದು ಅಕ್ಕ.”

“ನೀವು ಅಲ್ಲೇ ಇದ್ರಲ್ಲ?”

“ಇದ್ದೆ.”

“ಕೈ ಕೂಡಿಕೊಳ್ತದೆ. ಬರೆದದ್ದು ಎಂತ ಆಗ್ತದೆ? ಮನೆಯಲ್ಲಿ ಗಂಡ, ಬ್ರಾಂಚಿನಲ್ಲಿ ಅವರು, ಎಲ್ಲರೂ ‘ಕಣ್ಣು ಎಲ್ಲಿತ್ತು ನಿಂಗೆ’ ಅಂತ ಕೇಳ್ತಾರೆ. ನನ್ನ ಕಣ್ಣು ಸರಿ ಉಂಟು. ನಿಮ್ಮ ಬೈಕಿನ ಕಣ್ಣಿಗೆ ಯಾರು ಮಸಿ ಬಳಿದದ್ದು, ಅದನ್ನು ಕೇಳಿ.”

ಆ ಸಂಜೆ ನಾನು ಬೈಕು ಹತ್ತಲಿಲ್ಲ. ತಳ್ಳಿಕೊಂಡೇ ಫಳ್ನೀರಿಗೆ ಹೋದೆ. ಅಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಮೇಸ್ತ್ರಿಯ ಗ್ಯಾರೇಜಿತ್ತು. ಡಾಕ್ಟರರ ಗಾಡಿಯನ್ನು ಮೊದಲಿನಿಂದ ರಿಪೇರಿ ಮಾಡುತ್ತ ಬಂದವರು ಅವರೇ.

“ಈ ಕಪ್ಪು ಯಾರು ಬಳಿದದ್ದು?” ಎಂದು ಕೇಳಿದೆ.

“ನಾನೇ. ಯುದ್ಧದ ಟೈಮಲ್ಲಿ ಆರ್ಡರ್ ಬಂದಿತ್ತಲ್ಲ, ಮೇಲಿನಿಂದ ವಿಮಾನಕ್ಕೆ ಕಾಣ್ಬಾರ್ದು ಅಂತ.”

“ಇದು ಹೊಸ ಬಣ್ಣ ಅಲ್ವಾ?”

“ಮತ್ತೆ? ಪ್ರತಿ ಸಲ ಸರ್ವಿಸಿಗೆ ಬಂದಾಗ ಒಂದು ಕೈ ಬಳಿತೇನೆ. ಕೆಲಸ ಅಂದ್ರೆ ನೀಟಾಗಿ ಇರ್ಬೇಕು.”

“ಯುದ್ಧ ಮುಗಿದು ಎಷ್ಟು ವರ್ಷ ಆಯಿತು, ಸಾಹೇಬರೇ?”

“ಮುಗೀತು ಮಾರಾಯ್ರೆ. ಆದ್ರೆ ಕಪ್ಪು ತೆಗೀರಿ ಅಂತ ನಂಗೆ ಯಾರಾದ್ರೂ ಬಂದು ಹೇಳಿದ್ರಾ?”

ನನಗೂ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ದೀಪ ಬದಲಿಸಬೇಕು ಎಂದೆ. ಅವರು ದೀಪ ಬಿಚ್ಚಿ ಒಳಗೆ ತೋರಿಸಿದರು. ಬಲ್ಬಿನ ಹಿಂದೆ ಬೆಳಕು ಮರಳಿಸುವ ಬಟ್ಟಲಿನ ಬೆಳ್ಳಿ ಹೊಳಪು ಎಲ್ಲ ಹೋಗಿ ಅಲ್ಲಿಯೂ ಮಸಿ ಕಟ್ಟಿತ್ತು. ಗುಜರಿಗೆ ಹಾಕಿದ ಕಾರೊಂದರ ದೊಡ್ಡ ದೀಪ ಅವರಲ್ಲಿತ್ತು. ಅದನ್ನು ಕೂರಿಸಲು ದೀಪ ಹಿಡಿದಿಡುವ ಮುಂದಿನ ಕಬ್ಬಿಣದ ಕಿವಿಗಳನ್ನು ಕಾಯಿಸಿ ಅಗಲ ಮಾಡಬೇಕು. ಬಲ್ಬು ಹಳೆಯದರ ಎರಡರಷ್ಟು ಶಕ್ತಿಯದು. “ಡೈನಮೋ ಹೊಟ್ಟೆಗೆ ಅಷ್ಟು ಅನ್ನ ಇಲ್ಲ” ಎಂದು ತಲೆ ಅಲ್ಲಾಡಿಸಿದರು. ಕೊನೆಗೆ ಕರೆಂಟು ಹುಟ್ಟಿಸುವ ಆ ಡೈನಮೋದ ಸವೆದ ಕಾರ್ಬನ್ ಬದಲಿಸಿ, ಹೊಸ ಬ್ಯಾಟರಿ ಇಟ್ಟು, ವಯರುಗಳನ್ನೆಲ್ಲ ದಪ್ಪದ್ದು ಎಳೆದರು. ಮೂರು ದಿನ ಹಿಡಿಯಿತು. ಮೂರು ದಿನವೂ ಕೆಲಸ ಮುಗಿಸಿ ಹೋಗಿ ಪಕ್ಕದಲ್ಲೇ ಕುಳಿತು ನೋಡಿದೆ.

ಎಲ್ಲ ಮುಗಿದ ಮೇಲೆ ಮೇಸ್ತ್ರಿ ಕಪಾಟಿನಿಂದ ಕಪ್ಪು ಬಣ್ಣದ ಚಿಕ್ಕ ಡಬ್ಬಿ, ಬ್ರಷ್ ತೆಗೆದರು. ನಾನು ಅವರ ಕೈ ಹಿಡಿದೆ.

“ಕಾಯ್ದೆ ಮಾರಾಯ್ರೆ! ಪೊಲೀಸು ಹಿಡಿದ್ರೆ?”

“ಹಿಡೀಲಿ.”

ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ, ಸಹಿಯ ವಿಷಯವನ್ನೂ. ಅವರು ಕನ್ನಡಕ ತೆಗೆದು ಒರೆಸಿದರು. “ಬರೆದಾಗಿದೆ, ಹೆಬ್ಬೆಟ್ಟೂ ಬಿದ್ದಾಗಿದೆ. ಮಾಯ್ದದ್ದನ್ನು ಕೆರೆದು ಹುಣ್ಣು ಮಾಡ್ಬೇಡ. ನಿನ್ನ ಲೈಸೆನ್ಸ್ ಹೋಗ್ತದೆ.”

“ಮಾಯ್ಲಿಲ್ಲ ಡಾಕ್ಟ್ರೇ. ಮೇಲೆ ಬಟ್ಟೆ ಸುತ್ತಿದ್ದು ಮಾತ್ರ” ಎಂದೆ. ಅವರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು.

ಮರುದಿನ ಮುಸ್ಸಂಜೆಗೆ ಅವಳನ್ನು ಠಾಣೆಗೆ ಬರಹೇಳಿದ್ದೆ. ಬೈಕು ತಾಗಿದ ದಿನ ಉಟ್ಟಿದ್ದ ಕಪ್ಪು ಸೀರೆಯನ್ನೇ ಉಟ್ಟು ಬಂದಳು. ನಾನು ಹೊಸ ದೀಪದ ಬೈಕಿನ ಜೊತೆ ಹಳೆಯ ದೀಪವನ್ನೂ ಚೀಲದಲ್ಲಿ ತಂದಿದ್ದೆ. ಅಂದಿನ ಪೊಲೀಸನೇ ಸಿಕ್ಕಿದ. ಗಾಜು ನೋಡಿ ಮೊದಲು ಕೇಳಿದ್ದು, “ಕಪ್ಪು ಎಲ್ರೀ?”

“ಅದನ್ನೇ ಹೇಳ್ಲಿಕ್ಕೆ ಬಂದದ್ದು. ಹತ್ತು ನಿಮಿಷ ಹೊರಗೆ ಬನ್ನಿ.”

ಬೈಕಿನ ಬ್ಯಾಟರಿಯಿಂದ ಎರಡು ವಯರು ಎಳೆದು ಹಳೆಯ ದೀಪ ಹೊತ್ತಿಸಿ ಅವನ ಕೈಗೇ ಕೊಟ್ಟೆ. ಅವಳು ದೂರ ಹೋಗಿ ರಸ್ತೆಯ ಎಡ ಅಂಚಿನಲ್ಲಿ ನಿಂತಳು.

“ಕಾಣ್ತಾಳಾ?”

“ಇಲ್ಲ.”

“ಕಾಣುವವರೆಗೆ ನಡೀರಿ.”

ಅವನು ನಡೆದ, ವಯರಿನ ಅಳತೆಯಲ್ಲೇ ಪಕ್ಕದಲ್ಲಿ ಬೈಕು ತಳ್ಳುತ್ತ ನಾನು. ತುಂಬ ನಡೆದ. ನಿಂತು “ಹಾಂ, ಈಗ” ಎಂದಾಗ ಅಲ್ಲಿಂದ ಅವಳವರೆಗೆ ನಾನು ಹೆಜ್ಜೆ ಹಾಕಿ ಎಣಿಸಿದೆ. ಏಳು. ಆಮೇಲೆ ಬೈಕನ್ನು ಹಿಂದಕ್ಕೆ ತಳ್ಳಿ ಅವನನ್ನು ಮೊದಲಿನ ಜಾಗಕ್ಕೇ ಕರೆತಂದು ಹೊಸ ದೀಪ ಹೊತ್ತಿಸಿದೆ. ಅವನು ಎರಡು ಹೆಜ್ಜೆ ಇಡುವ ಮೊದಲೇ ಅವಳ ಕೊರಳಿನ ಬಿಳಿ ಬಟ್ಟೆ, ಕೈ, ಮುಖ ಎಲ್ಲ ಕಂಡವು. ಅಲ್ಲಿಂದ ಅವಳವರೆಗೆ ಎಣಿಸಿದರೆ ಮೂವತ್ತನಾಲ್ಕು ಹೆಜ್ಜೆ. ಅವಳು ಕಣ್ಣು ಕಿರಿದು ಮಾಡಿ ಕೂಗಿದಳು, “ಈಗ ನನ್ನ ಕಣ್ಣೇ ಹೋಗ್ತದೆ ಅಣ್ಣೆರೆ!”

“ಅವತ್ತು ದೀಪ ಉಂಟು ಅಂದೆ. ಉಂಟು, ನಿಜ. ಕಾಣುವುದಿಲ್ಲ. ಅದನ್ನು ಹೇಳಲಿಲ್ಲ” ಎಂದೆ ಪೊಲೀಸನಿಗೆ. “ಇವರು ಅಂದದ್ದು ‘ಬತ್ತಿಜಿ’. ‘ಜಿ’ ಅಂದರೆ ಇಲ್ಲ. ಬರಲಿಲ್ಲ ಅಂತ. ಅದು ನನಗೆ ಕೇಳಿಸಿತ್ತು.”

ಅವನ ಮುಖ ಬದಲಾಯಿತು. “ಒಂದಕ್ಷರಕ್ಕೆ ಇಷ್ಟೆಲ್ಲಾನಾ?” ಎಂದ. ಆಮೇಲೆ ದನಿ ತಗ್ಗಿಸಿದ. “ತಿದ್ದಿ ಬರೆದ್ರೆ ಕೇಸು ನಿಮ್ಮೇಲೇ ಬೀಳುತ್ತೆ, ಗೊತ್ತಲ್ರೀ?”

“ಗೊತ್ತು. ಬರೀರಿ.”

“ಕಪ್ಪು ಬಳೀದಿದ್ದಕ್ಕೆ ಇನ್ನೊಂದು.”

“ಅದನ್ನೂ ಬರೀರಿ. ಬಳಿಯುವುದಿಲ್ಲ.”

ಅವನು ಒಳಗೆ ಹೋಗಿ ಬರೆದ. ನಾನು ಒಂದೊಂದೇ ಸಾಲನ್ನು ತುಳುವಿನಲ್ಲಿ ಅವಳಿಗೆ ಓದಿ ಹೇಳಿದೆ. ‘ಎಡ ಅಂಚಿನಲ್ಲಿ’ ಎಂಬಲ್ಲಿ ತಡೆದು, ಇನ್ನೊಮ್ಮೆ ಓದಿಸಿಕೊಂಡು, ಹೆಬ್ಬೆಟ್ಟು ಒತ್ತಿದಳು.

ನನ್ನ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಆರು ತಿಂಗಳು ಇಂಜೆಕ್ಷನ್ನಿನ ಚೀಲ ಹಿಡಿದು ನಡೆದೇ ತಿರುಗಿದೆ. ಕಪ್ಪಿನ ವಿಷಯ ಯಾರೂ ಮತ್ತೆ ಎತ್ತಲಿಲ್ಲ. ಯಾವ ಕಾಯ್ದೆಯಡಿ ಎಂದು ಅವರಿಗೂ ಸಿಗಲಿಲ್ಲವೋ ಏನೋ. ಅವಳ ಕೈ ಕೂಡಿತು, ಆದರೆ ಮೊದಲಿನಂತೆ ಬಗ್ಗಲಿಲ್ಲ. ಬೀಡಿ ಕಟ್ಟುವ ವೇಗ ಅರ್ಧಕ್ಕಿಳಿಯಿತು. ಅದನ್ನು ಯಾವ ಸಾಲೂ ತಿದ್ದಲಿಲ್ಲ.

ಅರುವತ್ತರ ದಶಕದಲ್ಲಿ ಮತ್ತೆ ಯುದ್ಧ ಬಂತು, ಗಾಜಿಗೆ ಕಪ್ಪು ಬಳಿಯುವ ಆರ್ಡರೂ ಬಂತು. ಮೇಸ್ತ್ರಿ ತಮ್ಮ ಡಬ್ಬಿ ತೆರೆದು ನಿಂತಿದ್ದರು. ನಾನು ಬಣ್ಣ ಹಚ್ಚಲು ಬಿಡಲಿಲ್ಲ. ಕಪ್ಪು ಕಾಗದ ಕತ್ತರಿಸಿ ಗೋಂದಿನಲ್ಲಿ ಅಂಟಿಸಿದೆ. ಅದು ಇದ್ದಷ್ಟು ದಿನ ಕತ್ತಲಾದ ಮೇಲೆ ಬೈಕು ಹತ್ತಲಿಲ್ಲ. ಯುದ್ಧ ನಿಂತಿತೆಂದು ರೇಡಿಯೋ ಹೇಳಿದ ದಿನ, ಯಾರೂ ಬಂದು ಹೇಳುವುದನ್ನು ಕಾಯದೆ, ಒದ್ದೆ ಬಟ್ಟೆ ಹಿಡಿದು ಅದನ್ನು ತೆಗೆದೆ.