ಅಪ್ಪನ ಕಾರಿನ ಕೆಮ್ಮು, ನನ್ನ ಬಾಯಲ್ಲಿ

ನಮ್ಮ ಬಿಲ್ಡಿಂಗಿನಲ್ಲಿ ನನ್ನ ಬಾಯಿಗೆ ಸಿಗದವರು ಯಾರೂ ಇಲ್ಲ. ಸೊಸೈಟಿಯ ಸೆಕ್ರೆಟರಿ ಮೈಕ್ ಹಿಡಿಯುವ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುವುದು, ಮೂರನೇ ಮಹಡಿಯ ಆಂಟಿ ಕೆಟ್ಟುನಿಂತ ಲಿಫ್ಟಿಗೆ ಬೈಯುವುದು, ನನ್ನದೇ ಮಾತು ಇಂಗ್ಲಿಷಿನಲ್ಲಿ ಹೊರಟು ಹಿಂದಿಯಲ್ಲಿ ಎಡವಿ ಕನ್ನಡದಲ್ಲಿ ಬೀಳುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಗಣಪತಿ ಹಬ್ಬದ ಐದು ದಿನ ಮಲಾಡಿನ ನಮ್ಮ ಗಲ್ಲಿಗೆ ನಾನು ದೊಡ್ಡ ಕಲಾವಿದ. ವರ್ಷದ ಉಳಿದ ದಿನಗಳಲ್ಲಿ ಗೋರೆಗಾಂವಿನ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸುವ ಪ್ರಾಣಿ.

ಆದರೆ ನನ್ನ ಕಲೆಯಿಂದ ಲೋಕಕ್ಕೆ ಏನಾದರೂ ಉಪಯೋಗ ಆಗಿದ್ದರೆ ಅದು ಅಪ್ಪನ ಕಾರಿನಿಂದ. ಮುಂಬೈಯ ಹಳೇ ಕಪ್ಪು-ಹಳದಿ ಟ್ಯಾಕ್ಸಿಗಳ ಕುಲದ್ದು ಅದು. ಬಣ್ಣ ಮಾತ್ರ ಕೆನೆ ಬಿಳುಪು. ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಕಿಟಕಿ ಇಳಿಸಲು ಕೈಯಲ್ಲಿ ತಿರುಗಿಸುವ ಹಿಡಿ. ಮೈಸೂರಿನಿಂದ ಬ್ಯಾಂಕ್ ಕೆಲಸಕ್ಕೆಂದು ಬಂದ ಅಪ್ಪ ಇಲ್ಲಿ ಮೊದಲು ಕೊಂಡ ದೊಡ್ಡ ವಸ್ತು. ಕೊಂಡಾಗಲೇ ಅದು ಹಳೆಯದು. ಈಗ ಸಿಗ್ನಲ್ಲಿನಲ್ಲಿ ನಿಂತರೆ ಜನ ಫೋನ್ ತೆಗೆದು ಫೋಟೋ ಹೊಡೆಯುತ್ತಾರೆ. ಅಪ್ಪ ರಸ್ತೆಯನ್ನೇ ನೋಡುತ್ತಿರುವವರಂತೆ ನಟಿಸುತ್ತಾರೆ, ಆದರೆ ಕೂದಲು ಸರಿಮಾಡಿಕೊಂಡಿರುತ್ತಾರೆ. ಆ ಕಾರನ್ನು ಒರೆಸಲು ಹಳೇ ಬನಿಯನ್ನೇ ಆಗಬೇಕು. ಅಪ್ಪನ ಬನಿಯನ್ನು ಎಂದೂ ಪೂರ್ತಿ ಹರಿಯುವುದಿಲ್ಲ. ಅರ್ಧ ಸವೆಯುತ್ತಲೇ ಬಡ್ತಿ ಪಡೆದು ಡಿಕ್ಕಿಗೆ ಹೋಗುತ್ತದೆ.

ಆ ಕಾರಿಗೆ ವೈದ್ಯರು ಒಬ್ಬರೇ. ಗ್ರಾಂಟ್ ರೋಡಿನ ಮೇಸ್ತ್ರಿ ಮಾಮ. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆಂದು ಬಂದು, ಪಕ್ಕದ ಗ್ಯಾರೇಜಿನ ಗ್ರೀಸಿಗೆ ಮನಸೋತು ಅಲ್ಲೇ ಉಳಿದವರು. ಮಂಡಿ ನೋವು ಶುರುವಾದ ಮೇಲೆ ಗ್ಯಾರೇಜು ಬಿಟ್ಟು, ಅದೇ ಗಲ್ಲಿಯ ವಠಾರದಂಥ ಚಾಳ್‌ನ ಎರಡನೇ ಮಹಡಿಯಲ್ಲಿ ಕೂತಿದ್ದಾರೆ. ಬೇರೆಯವರನ್ನು ನಾವು ನೋಡಿಲ್ಲವೆಂದಲ್ಲ. ಹತ್ತಿರದ ದೊಡ್ಡ ಗ್ಯಾರೇಜೊಂದರಿಂದ ಬಂದವನು ಡ್ಯಾಶ್‌ಬೋರ್ಡಿನ ಕೆಳಗೆಲ್ಲ ತಡಕಾಡಿ, "ಅಂಕಲ್, ಸ್ಕ್ಯಾನರ್ ಕಹಾಂ ಲಗಾನೇಕಾ?" ಎಂದು ಕೇಳಿದ. ಸ್ಕ್ಯಾನರ್ ಚುಚ್ಚುವ ಕಿಂಡಿ ಆ ಕಾಲದ ಕಾರಿನಲ್ಲಿ ಎಲ್ಲಿಂದ ಬರಬೇಕು? ಅಪ್ಪ ಅವನಿಗೆ ಚಹಾ ಕೊಟ್ಟು ಕಳಿಸಿದರು.

ಹಾಗಾಗಿ ಮೇಸ್ತ್ರಿ ಮಾಮ ಫೋನಿನಲ್ಲೇ ನಾಡಿ ನೋಡಬೇಕಾಯಿತು. ಇಂಜಿನ್ನಿನ ಮುಂದೆ ಫೋನ್ ಹಿಡಿದರೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ನನ್ನ ಜಾಣ ಫೋನು ಇಂಜಿನ್ನಿನ ಸದ್ದನ್ನು ಗಲಾಟೆ ಎಂದುಕೊಂಡು ಅಳಿಸಿಹಾಕಿ, ಹಿಂದೆ ನಿಂತ ಅಪ್ಪನ ನಿಟ್ಟುಸಿರನ್ನು ಮಾತ್ರ ಶುದ್ಧವಾಗಿ ಕಳಿಸುತ್ತಿತ್ತು. ರೆಕಾರ್ಡ್ ಮಾಡಿ ಕಳಿಸೋಣವೆಂದರೆ ಅವರದು ಬಟನ್ ಫೋನು. ಒಂದು ದಿನ ಬೇಸತ್ತು ನಾನೇ ಬಾಯಲ್ಲಿ "ಘುರ್ರ್… ಪುಸ್… ಘುರ್ರ್" ಎಂದೆ.

"ಹಾಂ! ಕಾರ್ಬೊರೇಟರ್ ಕಸ ಹಿಡಿದದ್ದು ಮಾರಾಯ," ಅಂದರು ಮಾಮ.

ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಪದ್ಧತಿ. ಕಾರು ಕೆಮ್ಮುವುದು, ನಾನು ಅದರ ಕೆಮ್ಮನ್ನು ಕೆಮ್ಮುವುದು, ಮಾಮ ಹೇಳುವುದು, ಅಪ್ಪ ಸ್ಪ್ಯಾನರ್ ತಿರುಗಿಸುವುದು. ವಾಟರ್ ಪಂಪು, ಸೈಲೆನ್ಸರು ಎಲ್ಲ ಹೀಗೇ ರಿಪೇರಿಯಾದವು.

ಅವತ್ತು ಬುಧವಾರ ಸಂಜೆ ಅಪ್ಪ ಕಾರು ಸ್ಟಾರ್ಟ್ ಮಾಡಿದಾಗ ಹೊಸದೊಂದು ಸದ್ದು ಬಂತು. ನಾನು ಫೋನ್ ಹಚ್ಚಿದೆ. ನನ್ನ ದುರದೃಷ್ಟಕ್ಕೆ ಆಗ ಕಾಂಪೌಂಡಿನಲ್ಲಿ ನನ್ನ ಗೆಳೆಯರು ನಾಲ್ಕೈದು ಜನ ನಿಂತಿದ್ದರು. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಎದೆಯಾಳದಿಂದ ಸದ್ದು ತೆಗೆದು, ಹೊಟ್ಟೆಯನ್ನೂ ಸೇರಿಸಿಕೊಂಡು, "ಧಡ್! ಧಡ್! ಧಡ್!" ಎಂದೆ. ಕೊನೆಗೆ ಒಂದು ನರಳಾಟವನ್ನೂ ಜೋಡಿಸಿದೆ. ಗೆಳೆಯರು ಚಪ್ಪಾಳೆ ತಟ್ಟಿದರು.

ಆ ಕಡೆಯಿಂದ ಮಾಮ ಮೆಲ್ಲಗೆ, "ಬಂದ್ ಮಾಡಲಿಕ್ಕೆ ಹೇಳು. ಈಗಲೇ," ಅಂದರು.

ಅಪ್ಪ ಕೀ ತಿರುಗಿಸಿ, ಫೋನ್ ಇಸಿದುಕೊಂಡರು. ಮಾಮನ ದನಿ ನನಗೂ ಕೇಳುತ್ತಿತ್ತು. "ರಾಡಿನ ಬೇರಿಂಗ್ ಹೋಯಿತು ಸಾರ್. ಇನ್ನು ಸ್ಟಾರ್ಟ್ ಮಾಡಬೇಡಿ. ಮಾಡಿದರೆ ರಾಡು ಇಂಜಿನ್ ಒಡೆದು ಹೊರಗೆ ಬರ್ತದೆ. ಆ ಬೇರಿಂಗ್ ಈಗ ಸಿಗುವುದಿಲ್ಲ. ಸಿಕ್ಕಿದರೂ ಹಾಕುವುದು ಯಾರು? ನನಗೆ ಕೂತರೆ ಏಳಲಿಕ್ಕೆ ಆಗುವುದಿಲ್ಲ."

ಅಪ್ಪ "ಸರಿ" ಅಂದರು. ಅಷ್ಟೇ. ಕಾರಿಗೆ ಕವರ್ ಹೊದಿಸಿ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಆರಿಹೋಯಿತು.

ಸಿನಿಮಾ ಶೂಟಿಂಗಿಗೆ ಹಳೇ ಸಾಮಾನು ಒದಗಿಸುವ ಗೋರೆಗಾಂವಿನವನೊಬ್ಬ ಎಷ್ಟೋ ದಿನದಿಂದ ಆ ಕಾರಿನ ಹಿಂದೆ ಬಿದ್ದಿದ್ದ. ಅಪ್ಪ ಅವನ ಫೋನ್ ಎತ್ತುತ್ತಲೇ ಇರಲಿಲ್ಲ. ಗುರುವಾರ ತಾವೇ ಫೋನ್ ಮಾಡಿ ಕರೆಸಿದರು. ಅವನು ಕವರ್ ಎತ್ತಿ ನೋಡಿ, "ಅಂಕಲ್, ಇಂಜಿನ್ ಕಾ ಟೆನ್ಶನ್ ಹೀ ನಹೀ. ಹಮ್ ತೋ ಗಾಡಿ ಬೀಚ್ ಮೇ ಸೇ ಕಾಟೇಂಗೆ, ಕ್ಯಾಮೆರಾ ಅಂದರ್ ಜಾನೇ ಕೇ ಲಿಯೇ," ಅಂದ. ಕ್ಯಾಮೆರಾ ಒಳಗೆ ಹೋಗಲೆಂದು ಕಾರನ್ನು ನಡುವೆ ಕತ್ತರಿಸುತ್ತಾರಂತೆ.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಆಧಾ ಕೌನ್ಸಾ ರಖೋಗೇ?"

ಮುಂದಿನ ಅರ್ಧ ಇಟ್ಟುಕೊಳ್ಳುತ್ತಾನಂತೆ. ಭಾನುವಾರ ಬೆಳಿಗ್ಗೆ ಎಳೆದೊಯ್ಯುವ ಗಾಡಿ ತರುತ್ತೇನೆ ಎಂದು ಹೇಳಿ ಹೋದ. ಆಗಲೂ ನನಗೆ ಏನೂ ಹೊಳೆಯಲಿಲ್ಲ. ಅಪ್ಪನಿಗಾಗಿ ದುಃಖವಾಗಿತ್ತು, ನಿಜ. ಆದರೆ ಆ ದುಃಖದಲ್ಲಿ ನನ್ನ ಪಾಲೇನು ಎಂದು ಯೋಚಿಸುವಷ್ಟು ಬುದ್ಧಿ ಇದ್ದಿದ್ದರೆ ನಾನು ಮಿಮಿಕ್ರಿ ಯಾಕೆ ಮಾಡುತ್ತಿದ್ದೆ?

ಶನಿವಾರ ಮಧ್ಯಾಹ್ನ ಗೇಟಿನ ಹತ್ತಿರ ಗೆಳೆಯನೊಬ್ಬ, "ಅರೇ, ವೋ ಗಾಡಿವಾಲಾ ಏಕ್ ಬಾರ್ ಕರ್ ನಾ," ಅಂದ. ಕಲಾವಿದನಿಗೆ ಇಷ್ಟು ಸಾಕು. "ಧಡ್! ಧಡ್!" ಎಂದೆ, ನರಳಾಟದ ಸಮೇತ. ಅವನು ನಕ್ಕ. ಪಕ್ಕದಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ವಾಚ್‌ಮನ್ ಕಾಕಾ ನಗಲಿಲ್ಲ. ಕಲಬುರಗಿ ಕಡೆಯವರು. ನಮ್ಮ ಕಾರು ನಿಲ್ಲುವುದು ಅವರ ಕುರ್ಚಿಯ ಪಕ್ಕದಲ್ಲೇ.

"ಯಾವ ಗಾಡೀದು ತಮ್ಮಾ ಇದು?"

"ನಮ್ದೇ, ಕಾಕಾ."

"ಸುಳ್ಳ್ ಹೇಳಬ್ಯಾಡ. ನಿಮ್ಮ ಗಾಡಿ ಹಿಂಗ ಎಲ್ಲಿ ಒದರ್ತಿತ್ತು? ಬುಧವಾರ ನಾ ಇಲ್ಲೇ ಕುಂತಿದ್ದೆ." ಅವರು ಬೀಗದ ಕೈ ತೆಗೆದು ಡಬ್ಬಿಯ ಮುಚ್ಚಳಕ್ಕೆ ಹಗುರಾಗಿ ಬಡಿದರು. ಟಿಣ್. ಟಿಣ್, ಟಿಣ್. ಸ್ವಲ್ಪ ಬಿಟ್ಟು ಮತ್ತೆ ಟಿಣ್. "ಹಿಂಗಿತ್ತು ನೋಡ."

ಹೌದು, ಹಾಗೇ ಇತ್ತು. ಜನ್ಮದಲ್ಲಿ ಮಿಮಿಕ್ರಿ ಮಾಡದ ಮನುಷ್ಯ ಒಂದು ಮುಚ್ಚಳದಲ್ಲಿ ಅಪ್ಪನ ಕಾರನ್ನು ನನ್ನೆದುರು ತಂದು ನಿಲ್ಲಿಸಿದ್ದರು.

ಮೇಲೆ ಹೋದೆ. ಅಪ್ಪ ಕಾರಿನ ಕಾಗದಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು.

"ಅಪ್ಪ, ಬುಧವಾರ ನಾನು ಸ್ವಲ್ಪ ಜಾಸ್ತಿ ಮಾಡಿದೆ."

"ಏನು ಜಾಸ್ತಿ ಮಾಡ್ದೆ?"

"ಸದ್ದು."

ಅಪ್ಪ ಕನ್ನಡಕ ತೆಗೆದರು. ನಾನು ಎಲ್ಲ ಹೇಳಿದೆ. ಬೈಗುಳಕ್ಕೆ ಕಾದು ನಿಂತೆ. ಅವರು ಬೈದರೆ ಅದನ್ನೂ ಮುಂದೊಂದು ದಿನ ಮಾಡಿ ತೋರಿಸಬಹುದಿತ್ತು. ಬೈಯಲಿಲ್ಲ. "ಮೇಸ್ತ್ರಿಗೆ ಫೋನ್ ಹಚ್ಚೋ," ಅಂದರು. ಅವರ ದನಿಯಲ್ಲಿ ಏನೋ ನಡುಗಿತು. ಆ ನಡುಕ ಇವತ್ತಿಗೂ ನನ್ನ ಗಂಟಲಿಗೆ ಬಂದಿಲ್ಲ.

ನಿಜವಾದ ಸದ್ದು ಮಾಡಿ ತೋರಿಸಿದ ಮೇಲೆ, ಮಾಮ ಮಾತ್ರ ಸರಿಯಾಗಿ ಝಾಡಿಸಿದರು. "ನಿನ್ನ ನಾಟಕಕ್ಕೆ ಬೆಂಕಿ ಬೀಳಲಿ! ಮೂರು ದಿನದಿಂದ ನನಗೆ ಊಟ ಸೇರುವುದಿಲ್ಲ. ಈ ಕಾರಿನ ಕಂಪನಿ ಬಾಗಿಲು ಮುಚ್ಚಿದ ದಿನದ ಹಾಗೆ ಆಗಿದೆ. ಈಗ ಕೇಳು. ಸ್ಟಾರ್ಟ್ ಮಾಡಿ, ಪ್ಲಗ್ಗಿನ ವಯರು ಒಂದೊಂದೇ ತೆಗೆಯಲಿಕ್ಕೆ ಹೇಳು. ಬೇರಿಂಗ್ ಹೋಗಿದ್ದರೆ, ಆ ಪ್ಲಗ್ಗಿನ ವಯರು ತೆಗೆದಾಗ ಸದ್ದು ಇಳೀತದೆ. ನೀನು ಇದ್ದದ್ದನ್ನು ಇದ್ದ ಹಾಗೆ ಮಾಡಬೇಕು. ಉಪ್ಪು ಖಾರ ಬೇಡ."

ಅಪ್ಪ ಕೀ ಹಾಕಿದರು. ಕಾಕಾ ನಾಲ್ಕು ಹೆಜ್ಜೆ ಹಿಂದೆ ಸರಿದರು. ಮಾಮ ಬುಧವಾರ ಹೇಳಿದ್ದೇ ನಿಜವಾಗಿದ್ದರೆ, ಆ ಕೀ ತಿರುಗಿದೊಡನೆ ಎಲ್ಲ ಮುಗಿಯುತ್ತಿತ್ತು. ಅಪ್ಪ ಚೋಕ್ ಎಳೆದರು, ಎಂದಿನಂತೆ ಹತ್ತು ಎಣಿಸಿದರು, ತಿರುಗಿಸಿದರು.

ಇಂಜಿನ್ ಹಿಡಿಯಿತು. ಟಿಣ್. ಟಿಣ್, ಟಿಣ್.

ಅಪ್ಪ ಇಳಿದು, ಶಾಕ್ ಹೊಡೆಯದಂತೆ ಅಮ್ಮ ಪಾತ್ರೆ ತೊಳೆಯುವ ಗುಲಾಬಿ ರಬ್ಬರ್ ಗ್ಲೌಸ್ ಹಾಕಿಕೊಂಡು ಮೊದಲ ವಯರು ಎಳೆದರು. ಬೇರೆ ದಿನವಾಗಿದ್ದರೆ ಆ ಗ್ಲೌಸನ್ನು ಅಣಕಿಸುತ್ತಲೇ ನಾನು ಒಂದು ವಾರ ಕಳೆಯುತ್ತಿದ್ದೆ. ಅವತ್ತು ಕಣ್ಣು ಮುಚ್ಚಿ, ಕೇಳಿದ್ದನ್ನಷ್ಟೇ ಫೋನಿಗೆ ಒಪ್ಪಿಸಿದೆ. "ಟಿಣ್… ಟಿಣ್ ಟಿಣ್." ಎರಡನೇ ವಯರು. "ಟಿಣ್… ಟಿಣ್ ಟಿಣ್." ನಾಲ್ಕೂ ಆಯಿತು. ಇಂಜಿನ್ ಪ್ರತಿ ಸಲವೂ ತಡವರಿಸಿತು, ಆದರೆ ಆ ಸದ್ದು ಇಳಿಯಲಿಲ್ಲ.

"ಬೇರಿಂಗ್ ಅಲ್ಲ," ಅಂದರು ಮಾಮ. "ಹೊರಗಿನದ್ದೇ ಏನೋ ಅಲುಗಾಡ್ತಾ ಉಂಟು. ಬಂದ್ ಮಾಡಿ, ಡೈನಮೋದ ಬೋಲ್ಟ್ ಸಡಿಲಿಸಿ ಬೆಲ್ಟ್ ತೆಗೆಯಿರಿ. ಮತ್ತೆ ನೋಡುವ."

ಅಪ್ಪ ಇಂಜಿನ್ ನಿಲ್ಲಿಸಿ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಹೋದರು. ಬೇಕಾಗಲಿಲ್ಲ. ಎರಡು ಬೆರಳಿನಲ್ಲಿ ಮುಟ್ಟುತ್ತಲೇ ಅದು ಗಿರ್ರನೆ ತಿರುಗಿತು. ಕಾಂಪೌಂಡಿನಲ್ಲೆಲ್ಲ ಅಷ್ಟು ಹೊಳೆಯುವ ಬೋಲ್ಟು ಇನ್ನೊಂದಿರಲಿಲ್ಲ.

"ಎಂತ ಆಯ್ತು? ಯಾರೂ ಮಾತಾಡುವುದಿಲ್ಲ?" ಫೋನು ಕೂಗಿತು.

ಅಪ್ಪ ಆ ಬೋಲ್ಟನ್ನೇ ನೋಡುತ್ತಾ ಹೇಳಿದರು. "ಮೇಸ್ತ್ರಿ, ಮಂಗಳವಾರ ಇದನ್ನ ಬಿಚ್ಚಿ ಪಾಲಿಶ್ ಮಾಡಿದ್ದೆ ಕಣ್ರಿ. ಬಿಗಿ ಮಾಡೋದು ಮರ್ತಿದ್ದೀನಿ."

ಕೇಳಿ ಮಾಮ ಎಷ್ಟು ಜೋರಾಗಿ ನಕ್ಕರೆಂದರೆ ಕಾಕಾನಿಗೂ ಕೇಳಿಸಿತು. "ಬೋಲ್ಟ್ ಯಾರು ನೋಡ್ತಾರ್ರಿ ಸಾಹೇಬ್ರ?" ಎಂದು ಅವರೂ ನಗತೊಡಗಿದರು. ಅಪ್ಪ ಬೋಲ್ಟ್ ಬಿಗಿ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರು. ಬರೀ ಇಂಜಿನ್ನಿನ ಗೊಣಗಾಟ. ನಾನು ಅದನ್ನೂ ಇದ್ದ ಹಾಗೇ ಫೋನಿಗೆ ಒಪ್ಪಿಸಿದೆ.

ಗೋರೆಗಾಂವಿನವನಿಗೆ ನಾನು ಅಪ್ಪನ ದನಿಯಲ್ಲೇ ಫೋನ್ ಮಾಡಿ ಆಗುವುದಿಲ್ಲ ಅನ್ನುತ್ತೇನೆ ಎಂದೆ. "ಬೇಡಪ್ಪ," ಅಂದರು ಅಪ್ಪ. "ನೀನು ಮಾಡಿದ್ರೆ ಅಲ್ಲೂ ನರಳಾಟ ಸೇರಿಸ್ತೀಯ." ತಾವೇ ಮಾತಾಡಿದರು. ಅವನು ಒಂದಷ್ಟು ಕೂಗಾಡಿದ. ಅಪ್ಪ ಪೂರ್ತಿ ಕೇಳಿಸಿಕೊಂಡು, ಕ್ಷಮೆ ಕೇಳಿ ಇಟ್ಟರು. ಆ ಸಂಜೆ ಅವರು ಕಾಫಿಯನ್ನು ಎರಡು ಸಲ ಕೇಳಿ ಕುಡಿದರು.

ಭಾನುವಾರ ಬೆಳಿಗ್ಗೆ, ಕಾರು ಎರಡು ತುಂಡಾಗಲು ಹೊರಡಬೇಕಿದ್ದ ಹೊತ್ತಿಗೆ, ನಾವಿಬ್ಬರೂ ಅದರಲ್ಲಿ ಗ್ರಾಂಟ್ ರೋಡಿಗೆ ಹೊರಟೆವು. ಗಲ್ಲಿಗೆ ತಿರುಗಿದಾಗ ಚಾಳ್‌ನ ಗ್ಯಾಲರಿಯಲ್ಲಿ ಮಾಮ ಇನ್ನೂ ಕಾಣಿಸಿರಲಿಲ್ಲ. ಕಾರಿನ ಸದ್ದು ಕೇಳಿಯೇ ಅವರ ದನಿ ಮಾತ್ರ ಬಂತು. "ಸಾರ್, ಇಂಜಿನ್ನಿನ ಟ್ಯಾಪೆಟ್ ಸ್ವಲ್ಪ ನೋಡಬೇಕು!" ಆಮೇಲೆ ಕಂಬಿ ಹಿಡಿದುಕೊಂಡು ನಿಧಾನವಾಗಿ ಹೊರಬಂದರು. ನನ್ನನ್ನು ಕಂಡೊಡನೆ, "ಎಂತ ಮಾರಾಯ, ಈಗ ಹೇಗೆ ಉಂಟು ಸದ್ದು? ಒಮ್ಮೆ ಮಾಡು ನೋಡುವ!" ಎಂದು ಮೇಲಿಂದ ಕೂಗಿದರು.

ಕೆಳಗೆ ನಾಲ್ಕು ಜನ ನೋಡುತ್ತಾ ನಿಂತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕಾರಿನ ಕಡೆ ಕೈ ತೋರಿಸಿದೆ. ಅಪ್ಪ ಕೂದಲು ಸರಿಮಾಡಿಕೊಂಡು ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರು.